ಹಾಸ್ಟೆಲಿಗೆ ಹೊರಟ ಗಣಕಯಂತ್ರ

ಜೂನ್ ಜುಲೈ ತಿಂಗಳುಗಳಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬರುವ ತಂದೆತಾಯಿಗಳು, ಶುಲ್ಕ ಕಟ್ಟಿ ಮುಗಿಸಿದ ಬಳಿಕ, ನಮ್ಮ ಭೌತವಿಜ್ಞಾನ ವಿಭಾಗದ ಬಾಗಿಲಿಗೂ ಒಮ್ಮೆ ಬರುವುದುಂಟು. ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಬೇಕೆಂಬುದು ಅವರ ಪ್ರಶ್ನೆ. ಹಾಗೆ ಬಂದವರೊಬ್ಬರು, ಆ ಸಾಲಿನ ಅಡಿಕೆಯ ಹಣದಲ್ಲಿ ಇದಕ್ಕೆಂದೇ ತೆಗೆದಿರಿಸಿದ್ದ ಮೊತ್ತವನ್ನೂ ಅಂಗಡಿಯವನು ಹೇಳಿದ್ದ ಯಂತ್ರದ ವಿವರವನ್ನೂ ಒಂದು ತುಂಡು ಕಾಗದದಲ್ಲಿ ಬರೆದು ತಂದಿದ್ದರು. ಅದರಲ್ಲಿ ಪ್ರೊಸೆಸರಿನ ಹೆಸರು ದೊಡ್ಡ ಅಕ್ಷರಗಳಲ್ಲಿತ್ತು, ಉಳಿದುದೆಲ್ಲ ಚಿಕ್ಕದು. ಅವರಿಗೆ ಅಂದು ಹೇಳಿದುದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಗಣಕಯಂತ್ರದ ಒಳಗನ್ನು ಮದುವೆಯ ಮನೆಯ ಅಡಿಗೆಗೆ ಹೋಲಿಸಬಹುದು. ಪ್ರೊಸೆಸರ್ ಎಂಬುದು ಅಡಿಗೆಯ ಭಟ್ಟರು. ಅವರೆದುರಿನ ಕಟ್ಟೆ, ಅಂದರೆ ಈಗ ಬೇಕಾದ ಸಾಮಾನನ್ನು ಕೈಗೆಟಕುವಂತೆ ಹರಡಿಕೊಳ್ಳುವ ಜಾಗ, ಯಂತ್ರದ ಸ್ಮೃತಿ; ಅಂಗಡಿಯವರು ಇದನ್ನು ರ್‍ಯಾಮ್ ಎನ್ನುತ್ತಾರೆ. ಹಿಂದಿನ ಕೋಣೆಯ ಉಗ್ರಾಣವೇ ಡಿಸ್ಕ್. ವಿದ್ಯುತ್ತು ನಿಂತೊಡನೆ ಕಟ್ಟೆಯ ಮೇಲಿನದೆಲ್ಲ ಮಾಯವಾಗುತ್ತದೆ, ಉಗ್ರಾಣದಲ್ಲಿಟ್ಟದ್ದು ಉಳಿಯುತ್ತದೆ. ಕಟ್ಟೆ ಚಿಕ್ಕದಾದರೆ ಭಟ್ಟರು ಎಷ್ಟೇ ಚುರುಕಾಗಿದ್ದರೂ ಪ್ರಯೋಜನವೇನು? ಹಿಡಿ ಕೊತ್ತಂಬರಿಗೂ ಉಗ್ರಾಣಕ್ಕೆ ಓಡಬೇಕು. ತಂದುದನ್ನು ಇಡಲು ಕಟ್ಟೆಯ ಮೇಲಿನ ಇನ್ನೊಂದನ್ನು ಅಲ್ಲಿಗೇ ಮರಳಿಸಬೇಕು. ಯಂತ್ರ 'ಸುತ್ತುತ್ತಾ' ಕುಳಿತಿದೆಯೆಂದು ವಿದ್ಯಾರ್ಥಿಗಳು ದೂರುವಾಗ ನಡೆದಿರುವುದು ಬಹುಮಟ್ಟಿಗೆ ಈ ಓಡಾಟವೇ.

ಉಗ್ರಾಣದ ದಾರಿ ಎಷ್ಟು ದೂರವೆಂಬುದೂ ಮುಖ್ಯ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಭಾಗ ಓದುಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯುವ ಕಾಲವನ್ನೂ ಕೂಡಿಸಿದರೆ ಅಲ್ಲಲ್ಲಿ ಚದರಿದ ಕಡತಗಳನ್ನು ಸೆಕೆಂಡಿಗೆ ನೂರು ಬಾರಿ ತರುವುದೂ ಕಷ್ಟ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಬಾರಿ ಮಾಡುತ್ತದೆ. ಆದುದರಿಂದ ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಚಿಂತೆಯಿಲ್ಲ. ಎಸ್‌ಎಸ್‌ಡಿ ಇರಲಿ, ಸ್ಮೃತಿ 8 ಗಿಗಾಬೈಟಿಗೆ ಕಡಿಮೆಯಾಗದಿರಲಿ, ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ 16 ಇರಲಿ. ತೆಳ್ಳಗಿನ ಎಷ್ಟೋ ಯಂತ್ರಗಳಲ್ಲಿ ಸ್ಮೃತಿಯನ್ನು ಬೆಸೆದೇಬಿಟ್ಟಿರುತ್ತಾರೆ, ಮುಂದೆ ಸೇರಿಸುವಂತಿಲ್ಲ. ಇದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯತಕ್ಕದ್ದು. 512 ಗಿಗಾಬೈಟಿನ ಡಿಸ್ಕನ್ನು ಯಂತ್ರ 476 ಎಂದು ತೋರಿಸಿದರೆ ಯಾರೂ ಮೋಸಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೆ.

ಒಮ್ಮೆ ಬಳಸಿದ ಯಂತ್ರವನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ವಿಂಡೋಸ್ 10ಕ್ಕೆ ಸಾಮಾನ್ಯವಾಗಿ ದೊರೆಯುತ್ತಿದ್ದ ರಕ್ಷಣಾ ತಿದ್ದುಪಡಿಗಳು 2025ರ ಅಕ್ಟೋಬರ್ 14ರಂದು ಕೊನೆಗೊಂಡವು. ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11ರ ಅಧಿಕೃತ ಮಾನ್ಯತೆಯೂ ಇಲ್ಲ. ಅಂಥ ಯಂತ್ರಕ್ಕೆ ಉಚಿತವಾಗಿ ದೊರೆಯುವ ಉಬುಂಟು ಮತ್ತು ಲಿಬ್ರೆ ಆಫೀಸ್ ಹಾಕಿಕೊಂಡರೆ ಪದವಿಯ ಓದಿಗೆ ಧಾರಾಳವಾಗಿ ಸಾಕು.

ಇನ್ನು ಬ್ಯಾಟರಿ. 'ಹತ್ತು ಗಂಟೆ ಬರುತ್ತದೆ' ಎಂಬ ಮಾತನ್ನು ಬದಿಗಿಟ್ಟು ವ್ಯಾಟ್-ಗಂಟೆ ಎಷ್ಟೆಂದು ಕೇಳಿರಿ. 50 ವ್ಯಾಟ್-ಗಂಟೆಯ ಬ್ಯಾಟರಿ, ಟಿಪ್ಪಣಿ ಬರೆಯುವಾಗ ಯಂತ್ರ 10 ವ್ಯಾಟ್ ಎಳೆದರೆ ಐದು ಗಂಟೆ ಬಾಳುತ್ತದೆ. ಆಟವಾಡುವಾಗ 25 ಎಳೆದರೆ ಎರಡೇ ಗಂಟೆ. ಇದರಲ್ಲಿ ಭಾಗಾಕಾರಕ್ಕಿಂತ ಹೆಚ್ಚಿನ ವಿದ್ಯೆಯೇನೂ ಇಲ್ಲ. ಲಿಥಿಯಂ ಬ್ಯಾಟರಿಯ ದೊಡ್ಡ ಶತ್ರು ಬಿಸಿ. ಹಾಸಿಗೆಯ ಮೇಲೆ ಯಂತ್ರವನ್ನಿಟ್ಟು ಗಾಳಿಕಿಂಡಿ ಮುಚ್ಚುವುದು ಹಾಸ್ಟೆಲುಗಳಲ್ಲಿ ಸರ್ವಸಾಮಾನ್ಯವಾದ ಕೆಟ್ಟ ಅಭ್ಯಾಸ. ಒಂದು ರಟ್ಟನ್ನೋ ಹಲಗೆಯನ್ನೋ ಕೆಳಗಿಟ್ಟರೆ ತೀರಿತು. ಸದಾ ಪ್ಲಗ್ಗಿಗೆ ಸಿಕ್ಕಿಸಿಕೊಂಡೇ ಕೆಲಸ ಮಾಡುವವರು, ಯಂತ್ರದಲ್ಲಿ ಅವಕಾಶವಿದ್ದರೆ, ಬ್ಯಾಟರಿ ನೂರರ ಬದಲು ಎಂಬತ್ತಕ್ಕೆ ನಿಲ್ಲುವಂತೆ ಹೊಂದಿಸಿಕೊಳ್ಳುವುದು ಮೇಲು.

ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗಿಟ್ಟಾಗ ಅಂಗೈಗೆ ಸಣ್ಣಗೆ ಜುಮ್ಮೆಂದದ್ದು ಕೆಲವರ ಅನುಭವಕ್ಕೆ ಬಂದಿರಬಹುದು. ಅಡಾಪ್ಟರಿನೊಳಗೆ ಗದ್ದಲವನ್ನು ತಗ್ಗಿಸಲೆಂದು 230 ವೋಲ್ಟಿನ ಕಡೆಗೂ ಹೊರಬರುವ ತಂತಿಯ ಕಡೆಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಅತ್ಯಲ್ಪ ವಿದ್ಯುತ್ತು ಸೋರುತ್ತದೆ. ಭೂಸಂಪರ್ಕವಿಲ್ಲದಿದ್ದರೆ ನಿಮ್ಮ ಕೈಯೇ ಅದಕ್ಕೆ ದಾರಿ. ಅಡಾಪ್ಟರ್ ಸರಿಯಾಗಿದ್ದರೆ ಇದು ಅಪಾಯಕಾರಿಯಲ್ಲ. ಆದರೆ ಮೂರು ಕಡ್ಡಿಯ ಪ್ಲಗ್ಗು ಹಾಕಿದ ಮೇಲೂ ಜುಮ್ಮೆಂದರೆ ಆ ಕೋಣೆಯ ಭೂಸಂಪರ್ಕ ಕೆಟ್ಟಿರಬಹುದು. ವಾರ್ಡನರಿಗೆ ತಿಳಿಸುವುದು ಕರ್ತವ್ಯ. ನೀರು ಕಾಯಿಸುವ ಕಾಯಿಲಿಗೂ ಅದೇ ಸಾಕೆಟ್ಟಲ್ಲವೇ!

ಯಂತ್ರ ಮನೆಗೆ ಬಂದ ದಿನವೇ ಕನ್ನಡ ಯೂನಿಕೋಡ್ ಕೀಲಿಮಣೆಯನ್ನು ಅಳವಡಿಸಿಕೊಳ್ಳಬೇಕು. ಹಳೆಯ ಫಾಂಟುಗಳಲ್ಲಿ ಬರೆದ ಪ್ರಬಂಧ, ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಯೂನಿಕೋಡಿನಲ್ಲಿ 'ಕ' ಎಂಬುದಕ್ಕೆ ತನ್ನದೇ ಸಂಖ್ಯೆ ಇರುವುದರಿಂದ ಎಲ್ಲಿ ತೆರೆದರೂ ಅದು 'ಕ'ವೇ.

ಎಲ್ಲಕ್ಕಿಂತ ಮುಖ್ಯವಾದುದನ್ನು ಅಂಗಡಿಯವರು ಹೇಳುವುದೇ ಇಲ್ಲ. ನಾನು ಎಂಎಸ್ಸಿ ಎರಡನೆಯ ವರ್ಷದಲ್ಲಿದ್ದಾಗ ಮೂರು ತಿಂಗಳು ಪ್ರಯೋಗಾಲಯದಲ್ಲಿ ಕುಳಿತು ತೆಗೆದ ಅಳತೆಗಳೆಲ್ಲ ಒಂದೇ ಡಿಸ್ಕಿನಲ್ಲಿದ್ದುವು. ವರದಿ ಒಪ್ಪಿಸಲು ಹದಿನಾರು ದಿನ ಉಳಿದಿದ್ದಾಗ ಅದು ಗಡಿಯಾರದಂತೆ ಟಿಕ್ ಟಿಕ್ ಎನ್ನತೊಡಗಿತು. ಸಂಜೆಯ ವೇಳೆಗೆ ಅದೂ ನಿಂತಿತು. ಪುಸ್ತಕದಲ್ಲಿ ಕೈಯಿಂದ ಗುರುತುಹಾಕಿಕೊಂಡಿದ್ದ ಐದನೆಯ ಒಂದು ಪಾಲಿನಷ್ಟು ಅಂಕಿಗಳು ಮಾತ್ರ ಉಳಿದುವು. ಉಳಿದುದನ್ನು ರಾತ್ರಿಗಳಲ್ಲಿ ಮತ್ತೆ ಅಳೆದೆ, ಎಲ್ಲವೂ ಆಗಲಿಲ್ಲ. ಎಸ್‌ಎಸ್‌ಡಿಯಾದರೆ ಆ ಟಿಕ್ ಟಿಕ್ ಎಂಬ ಎಚ್ಚರಿಕೆಯೂ ಇರುವುದಿಲ್ಲ. ಆದುದರಿಂದ ಒಂದು ಪ್ರತಿ ಯಂತ್ರದಲ್ಲಿ, ಒಂದು ಪ್ರತಿ ಬೇರೆಡೆ ಇಡುವ ಹೊರ ಡಿಸ್ಕಿನಲ್ಲಿ, ಇನ್ನೊಂದು ಅಂತರಜಾಲದ ಸಂಗ್ರಹದಲ್ಲಿ ಇರಬೇಕು. ತಾನಾಗಿ ಸಮವಾಗುವ ಅಂತರಜಾಲದ ಕಡತಕೋಶವೊಂದನ್ನೇ ನಂಬಬಾರದು. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ನಕಲು ಮಾಡಬೇಕು. ತಿಂಗಳಿಗೊಮ್ಮೆ ಆ ನಕಲಿನ ಒಂದು ಕಡತವನ್ನು ಗೆಳೆಯರ ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ನಕಲು ನಕಲೇ ಅಲ್ಲ.

ಅಂದು ಆ ತಂದೆಯವರ ಕಾಗದದಲ್ಲಿ ಪ್ರೊಸೆಸರಿನ ಹೆಸರನ್ನು ಹೊಡೆದು, ಅದರ ಕೆಳಗಿನ ದರ್ಜೆಯದನ್ನು ಬರೆದೆ. ಉಳಿದ ಹಣಕ್ಕೆ ಸ್ಮೃತಿಯನ್ನು 16 ಮಾಡಿ, ಕೊನೆಯಲ್ಲಿ ಒಂದು ಹೊರ ಡಿಸ್ಕನ್ನೂ ಸೇರಿಸಿದೆ. ಅವರು ಒಟ್ಟು ಮೊತ್ತವನ್ನು ಎರಡು ಸಲ ಕೂಡಿ ನೋಡಿ, ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು.