ಆನ್‌ಲೈನ್‌ನಲ್ಲಿ ಫೋಟೊ ಜೆಪಿಜಿ ಮಾಡಿದರೆ ಬ್ಯಾಂಕ್ ಖಾತೆ ಖಾಲಿಯಾಗುತ್ತದೆಯೇ? ನಿಜ ಎಷ್ಟು, ಸುಳ್ಳು ಎಷ್ಟು

ಅರ್ಜಿ ಹಾಕುವ ಕಾಲ ಬಂತೆಂದರೆ ಶಿವಮೊಗ್ಗದ ವಿದ್ಯಾನಗರವಾಗಲಿ, ಭದ್ರಾವತಿಯಾಗಲಿ, ಸೈಬರ್ ಸೆಂಟರ್‌ಗಳಲ್ಲಿ ಕೇಳಿಬರುವ ಮಾತು ಒಂದೇ: “ಫೋಟೊ ತಗೊಳ್ತಾ ಇಲ್ಲ.” ಜೆಪಿಜಿ ಫೈಲೇ ಬೇಕು, ಅದೂ ಇಷ್ಟು ಕೆಬಿ ಒಳಗೇ ಇರಬೇಕು ಎಂದು ಅರ್ಜಿಯ ಸೈಟು ಹಟ ಹಿಡಿಯುತ್ತದೆ. ಫೋನಿನಲ್ಲಿರುವುದು ಹೆಚ್‌ಇಐಸಿ ಎಂಬ ಬೇರೆಯದೇ ಫೈಲು. ಕೊನೆಯ ದಿನ ಹತ್ತಿರ ಬಂದಿರುತ್ತದೆ. ಆಗ ಗೂಗಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕ ಉಚಿತ ಕನ್ವರ್ಟರ್ ಸೈಟಿಗೆ ಫೋಟೊ, ಸಹಿ, ಆಧಾರ್, ಅಂಕಪಟ್ಟಿ ಎಲ್ಲವನ್ನೂ ಹಾಕಿಬಿಡುತ್ತೇವೆ.

ಇದೇ ವಿಷಯದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ತರಹೇವಾರಿ ಸಂದೇಶಗಳು ಓಡಾಡುತ್ತವೆ. ಕನ್ವರ್ಟರ್ ಬಳಸಿದರೆ ಖಾತೆಯ ಹಣವೆಲ್ಲ ಹೋಗುತ್ತದೆ ಎಂದು ಕೆಲವರು ಹೆದರಿಸುತ್ತಾರೆ. ಫೈಲಿನ ಹೆಸರು ಬದಲಿಸಿದರೆ ಸಾಕು ಎಂದು ಇನ್ನು ಕೆಲವರು ಸುಲಭದ ದಾರಿ ಹೇಳುತ್ತಾರೆ. ಒಂದೊಂದನ್ನೇ ನೋಡೋಣ. ಅದಕ್ಕೆ ಮೊದಲು ಈ ಫಾರ್ಮ್ಯಾಟ್ ಎಂದರೇನು ಎಂಬುದು ತಿಳಿದಿರಬೇಕು.

ಫಾರ್ಮ್ಯಾಟ್ ಎಂದರೇನು?

ಫೋನಿನ ಕಣ್ಣಿಗೆ ಫೋಟೊ ಎಂದರೆ ಬಣ್ಣದ ಚುಕ್ಕೆಗಳ ಸಾಲು. 12 ಮೆಗಾಪಿಕ್ಸೆಲ್ ಫೋಟೊದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಪ್ರತಿ ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ. ಅವನ್ನೆಲ್ಲ ಹಾಗೆಯೇ ಬರೆದಿಟ್ಟರೆ ಒಂದೇ ಫೋಟೊಗೆ ಸುಮಾರು 36 ಎಂಬಿ ಬೇಕಾಗುತ್ತದೆ. ಆದರೆ ನಿಮ್ಮ ಗ್ಯಾಲರಿಯಲ್ಲಿ ಅದೇ ಫೋಟೊ ಮೂರೋ ನಾಲ್ಕೋ ಎಂಬಿಯಲ್ಲಿ ಕುಳಿತಿರುತ್ತದೆ. ಹೀಗೆ ಒತ್ತಿ ಕಟ್ಟಿಡುವ ಬೇರೆ ಬೇರೆ ವಿಧಾನಗಳೇ ಫಾರ್ಮ್ಯಾಟ್‌ಗಳು.

ಜೆಪಿಜಿ 1992ರದು. ಪಿಎನ್‌ಜಿ 1996ರದು. ಗೂಗಲ್ 2010ರಲ್ಲಿ ವೆಬ್‌ಪಿ ತಂದಿತು. 2017ರಲ್ಲಿ ಐಒಎಸ್ 11 ಜೊತೆಗೆ ಐಫೋನ್‌ಗಳು ಹೆಚ್‌ಇಐಸಿಯಲ್ಲಿ ಫೋಟೊ ಉಳಿಸತೊಡಗಿದವು. ಜೆಪಿಜಿಗೆ ಬೇಕಾಗುವ ಜಾಗದಲ್ಲಿ ಹೆಚ್ಚುಕಡಿಮೆ ಅರ್ಧ ಇದಕ್ಕೆ ಸಾಕು. ಆದರೂ ಅರ್ಜಿಯ ಸೈಟುಗಳು ಜೆಪಿಜಿಯನ್ನೇ ಕೇಳುವುದೇಕೆ? ಮೂವತ್ತು ವರ್ಷಗಳಿಂದ ಬಳಕೆಯಲ್ಲಿರುವ ಜೆಪಿಜಿ ಹಳೆಯದಿರಲಿ ಹೊಸದಿರಲಿ, ಎಲ್ಲ ಕಂಪ್ಯೂಟರಿನಲ್ಲೂ ತೆರೆಯುತ್ತದೆ.

ಜೆಪಿಜಿಯ ಹಿಂದೆ ಬೆಂಗಳೂರಿನವರು

ಜೆಪಿಜಿಯ ಒಳಗಿರುವ ಮುಖ್ಯ ಗಣಿತದ ಹೆಸರು ಡಿಸಿಟಿ, ಅಂದರೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಇದನ್ನು ರೂಪಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್. ಅವರು ಎಂಜಿನಿಯರಿಂಗ್ ಓದಿದ್ದು ಬೆಂಗಳೂರಿನ ಯುವಿಸಿಇ ಕಾಲೇಜಿನಲ್ಲಿ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಹೆಸರಿನಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯನವರೇ 1917ರಲ್ಲಿ ಶುರು ಮಾಡಿದ ಕಾಲೇಜು ಅದು. ಮುಂದೆ ಅಮೆರಿಕಕ್ಕೆ ಹೋದ ಅಹ್ಮದ್, 1972ರಲ್ಲಿ ಈ ಯೋಚನೆಗೆ ಹಣ ಕೇಳಿದಾಗ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಒಪ್ಪಲಿಲ್ಲ. ಅವರು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಲೇಖನ ಪ್ರಕಟಿಸಿದರು.

ಅದು ಕೆಲಸ ಮಾಡುವ ರೀತಿ ಹೀಗೆ. ಅಡಿಕೆ ತೋಟದ ಒಂದು ಫೋಟೊ ತೆಗೆದುಕೊಳ್ಳಿ. ಜೆಪಿಜಿ ಅದನ್ನು 8 ಸಾಲು, 8 ಕಂಬಗಳ, ಅಂದರೆ 64 ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತದೆ. ಆಕಾಶವಿರುವ ಚೌಕದಲ್ಲಿ ಎಲ್ಲವೂ ತಿಳಿನೀಲಿ. 64 ಸಂಖ್ಯೆ ಬರೆಯುವ ಬದಲು ಒಂದೆರಡು ಸಂಖ್ಯೆಯಲ್ಲೇ ಮುಗಿಯುತ್ತದೆ. ಗರಿಗಳಿರುವ ಚೌಕದಲ್ಲಿ ಏರಿಳಿತ ಹೆಚ್ಚು, ಅಲ್ಲಿ ಹೆಚ್ಚು ಸಂಖ್ಯೆ ಬೇಕು. ಆದರೆ ತೀರಾ ಸಣ್ಣ ಏರಿಳಿತಗಳನ್ನು ನಮ್ಮ ಕಣ್ಣು ಗುರುತಿಸುವುದಿಲ್ಲ. ಅವನ್ನು ಜೆಪಿಜಿ ಬಿಟ್ಟುಬಿಡುತ್ತದೆ. ಹೀಗೆ ಬಿಟ್ಟಿದ್ದು ಮತ್ತೆ ಸಿಗುವುದಿಲ್ಲ. ಇದೊಂದು ಗೊತ್ತಿದ್ದರೆ ಮುಂದಿನ ಹಲವು ಫಾರ್ವರ್ಡ್‌ಗಳ ಬಣ್ಣ ತಾನಾಗಿಯೇ ಬಯಲಾಗುತ್ತದೆ.

“ಹೆಸರಿನ ಕೊನೆಗೆ ಜೆಪಿಜಿ ಎಂದು ಬರೆದರೆ ಸಾಕು”

ಸುಳ್ಳು. ಸಕ್ಕರೆ ಡಬ್ಬಿಯ ಮೇಲೆ ಉಪ್ಪು ಎಂದು ಚೀಟಿ ಅಂಟಿಸಿದಂತೆ ಇದು. ಪ್ರತಿ ಫೈಲಿನ ಆರಂಭದಲ್ಲೇ ಅದು ಯಾವ ಜಾತಿಯದು ಎಂಬ ಗುರುತು ಇರುತ್ತದೆ. ಪಿಎನ್‌ಜಿ ಫೈಲಿನ ಮೊದಲಲ್ಲಿ ಪಿ, ಎನ್, ಜಿ ಎಂಬ ಅಕ್ಷರಗಳೇ ಇರುತ್ತವೆ. ಅರ್ಜಿಯ ಸೈಟು ಹೆಸರನ್ನಷ್ಟೇ ನೋಡಿ ಒಪ್ಪಿಕೊಂಡರೂ, ಮುಂದೆ ಅರ್ಜಿ ಪರಿಶೀಲಿಸುವಾಗ ಫೋಟೊ ತೆರೆಯದೆ ಹೋಗಬಹುದು.

“ಪಿಎನ್‌ಜಿಗೆ ಬದಲಿಸಿದರೆ ಮಸುಕು ಫೋಟೊ ಸ್ಪಷ್ಟವಾಗುತ್ತದೆ”

ಸುಳ್ಳು. ಪಿಎನ್‌ಜಿ ತನಗೆ ಸಿಕ್ಕ ಚುಕ್ಕೆಗಳನ್ನು ಒಂದನ್ನೂ ಬಿಡದೆ ಉಳಿಸುತ್ತದೆ, ನಿಜ. ಆದರೆ ಜೆಪಿಜಿ ಆಗಲೇ ಕೈಬಿಟ್ಟಿದ್ದನ್ನು ಎಲ್ಲಿಂದ ತರುವುದು? ಮಸುಕು ಮಸುಕಾಗಿಯೇ ಉಳಿದು ಫೈಲು ಮಾತ್ರ ದೊಡ್ಡದಾಗುತ್ತದೆ.

“ಜೆಪಿಜಿ ತೆರೆದು ನೋಡಿದಷ್ಟೂ ಹಾಳಾಗುತ್ತದೆ”

ಇದೂ ಸುಳ್ಳು. ನೋಡುವುದರಿಂದ, ನಕಲು ಮಾಡುವುದರಿಂದ ಏನೂ ಆಗದು. ಎಡಿಟ್ ಮಾಡಿ ಮತ್ತೆ ಸೇವ್ ಮಾಡಿದಾಗ ಮಾತ್ರ ಇನ್ನಷ್ಟು ವಿವರ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದಾಗಲೂ ಹಾಗೆಯೇ, ಅದು ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಮೂಲ ಫೋಟೊ ಹಾಗೆಯೇ ಹೋಗಬೇಕೆಂದರೆ ಡಾಕ್ಯುಮೆಂಟ್ ಆಗಿ ಕಳಿಸಿ.

“ಕನ್ವರ್ಟರ್ ಬಳಸಿದರೆ ಖಾತೆ ಖಾಲಿ”

ಇದರಲ್ಲಿ ಸ್ವಲ್ಪ ನಿಜವಿದೆ, ಹೆಚ್ಚು ಉತ್ಪ್ರೇಕ್ಷೆಯಿದೆ. ಒಂದು ಫೋಟೊ ಅಪ್‌ಲೋಡ್ ಮಾಡಿದ ಮಾತ್ರಕ್ಕೆ ಯಾರಿಗೂ ನಿಮ್ಮ ಒಟಿಪಿ, ಯುಪಿಐ ಪಿನ್ ಸಿಗುವುದಿಲ್ಲ. ಆದರೆ 2025ರ ಮಾರ್ಚ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿ, ಉಚಿತ ಫೈಲ್ ಕನ್ವರ್ಟರ್ ಸೈಟುಗಳ ಹೆಸರಿನಲ್ಲಿ ವಂಚನೆ ನಡೆಯುತ್ತಿದೆ ಎಂದು ಎಚ್ಚರಿಕೆ ಕೊಟ್ಟಿದ್ದು ನಿಜ. ಕನ್ವರ್ಟ್ ಆಗಿ ಬರುವ ಫೈಲಿನ ಜೊತೆ ಕುತಂತ್ರಾಂಶ ಸೇರಿಸುವುದು, ಹಾಕಿದ ದಾಖಲೆಯಿಂದ ಮಾಹಿತಿ ಕದಿಯುವುದು, ಇವೆರಡೂ ಆ ಎಚ್ಚರಿಕೆಯಲ್ಲಿದ್ದವು.

ಆದ್ದರಿಂದ ನೋಡಬೇಕಾದ್ದು ಮೂರು. ಮೊದಲನೆಯದು, ಏನು ಡೌನ್‌ಲೋಡ್ ಆಯಿತು ಎಂಬುದು. ಜೆಪಿಜಿ ಕೇಳಿದರೆ ಜೆಪಿಜಿಯೇ ಬರಬೇಕು. ಎಪಿಕೆ ಅಥವಾ ಇಎಕ್ಸ್‌ಇ ಬಂದರೆ, ‘ಈ ಆ್ಯಪ್ ಹಾಕಿಕೊಂಡರೆ ಮಾತ್ರ ಫೋಟೊ ಸಿಗುತ್ತದೆ’ ಎಂದರೆ, ತೆರೆಯದೆ ಅಳಿಸಿ. ಖಾತೆಗೆ ಕನ್ನ ಬೀಳುವುದು ಇಂಥ ಆ್ಯಪ್‌ಗಳಿಂದ.

ಎರಡನೆಯದು, ಫೋಟೊದಲ್ಲಿ ಏನಿದೆ ಎಂಬುದು. ತೋಟದ ಫೋಟೊ ಹೋದರೆ ನಷ್ಟವಿಲ್ಲ. ಆಧಾರ್ ಕಾರ್ಡಿನಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ, ವಿಳಾಸ, ಸಂಖ್ಯೆ, ಮುಖ ಎಲ್ಲ ಇದೆ. ಅದರ ಜೊತೆಗೆ ಸಹಿಯನ್ನೂ ಅದೇ ಸೈಟಿಗೆ ಕೊಟ್ಟರೆ, ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಲು ಬೇಕಾದ ಸಾಮಾನೆಲ್ಲ ಬೇರೆಯವರ ಕಂಪ್ಯೂಟರ್ ಸೇರಿದಂತೆ.

ಮೂರನೆಯದು ಕಣ್ಣಿಗೆ ಕಾಣದ್ದು. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೊ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಫೈಲಿನೊಳಗೇ ಸೇರಿರುತ್ತದೆ. ಮನೆಯಲ್ಲಿ ತೆಗೆದ ಫೋಟೊ ಎಂದರೆ ಮನೆಯ ಜಾಗವನ್ನೂ ಕೊಟ್ಟಂತೆ.

2022ರಲ್ಲಿ ಹೀಗೇ ಆಗಿತ್ತು

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸ್ ಕಂಡಕಂಡಲ್ಲಿ ಕೊಡಬೇಡಿ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡಿದರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂಬುದು ಅದರ ಸಾರ. ದೇಶವೆಲ್ಲ ಇದು ಫಾರ್ವರ್ಡ್ ಆಗಿ ಜನ ಗಾಬರಿಯಾದರು. ತಪ್ಪು ಅರ್ಥಕ್ಕೆ ಎಡೆಯಾಗಬಹುದು ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ, ಮೇ 29ರಂದು, ಅದನ್ನು ಹಿಂಪಡೆಯಿತು. ಸಾಮಾನ್ಯ ಎಚ್ಚರಿಕೆ ಸಾಕು ಎಂದಿತು. ಹಿಂಪಡೆದ ಸುದ್ದಿ ತಿಳಿಯದೆ ಹಳೆಯದನ್ನೇ ಇಂದೂ ಹಂಚಬೇಡಿ. ಆದರೆ ಮಾಸ್ಕ್ಡ್ ಆಧಾರ್ ಸೌಲಭ್ಯ ಆಧಾರ್ ಸೈಟಿನಲ್ಲಿದೆ, ಅದು ಒಪ್ಪುವ ಕಡೆ ಬಳಸುವುದು ಒಳ್ಳೆಯದೇ.

ಹಾಗಾದರೆ ಏನು ಮಾಡಬೇಕು?

ಹೆಚ್ಚಿನವರಿಗೆ ಕನ್ವರ್ಟರ್ ಸೈಟೇ ಬೇಕಿಲ್ಲ. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಕ್ಯಾಮೆರಾ, ನಂತರ ಫಾರ್ಮ್ಯಾಟ್ಸ್ ಒತ್ತಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಮುಂದಿನ ಫೋಟೊಗಳೆಲ್ಲ ಜೆಪಿಜಿ ಆಗಿಯೇ ಬರುತ್ತವೆ. ಈಗಾಗಲೇ ತೆಗೆದ ಫೋಟೊವನ್ನು ಫೈಲ್ಸ್ ಆ್ಯಪ್‌ಗೆ ಹಾಕಿ, ಒತ್ತಿ ಹಿಡಿದು, ಕ್ವಿಕ್ ಆ್ಯಕ್ಷನ್ಸ್‌ನಲ್ಲಿ ‘ಕನ್ವರ್ಟ್ ಇಮೇಜ್’ ಒತ್ತಿದರೆ ಜೆಪಿಜಿ ಪ್ರತಿ ಸಿದ್ಧ. ಐಒಎಸ್ 16ರಿಂದ ಈ ಅನುಕೂಲವಿದೆ. ಆಂಡ್ರಾಯ್ಡ್ ಫೋನ್ ಹೆಚ್‌ಇಐಸಿ ಕೊಡುತ್ತಿದ್ದರೆ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ‘ಹೈ ಎಫಿಶಿಯೆನ್ಸಿ’ ಎಂಬುದನ್ನು ಆಫ್ ಮಾಡಿ.

ಕೆಬಿ ಕಡಿಮೆ ಮಾಡಲು ಮೊದಲು ಉದ್ದ ಅಗಲ ಕುಗ್ಗಿಸಿ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿಗಳಲ್ಲಿ ಕೇಳುವ ಫೋಟೊ 200 × 230 ಪಿಕ್ಸೆಲ್, 20ರಿಂದ 50 ಕೆಬಿ. ಅಷ್ಟು ಚಿಕ್ಕ ಫೋಟೊದಲ್ಲಿ 46 ಸಾವಿರ ಚುಕ್ಕೆ ಮಾತ್ರ. ಒತ್ತದೆ ಬರೆದರೂ ಸುಮಾರು 135 ಕೆಬಿ. ಅದನ್ನು 50ರೊಳಗೆ ತರಲು ಮುಖ ಮಸುಕಾಗಬೇಕಿಲ್ಲ. ಉದ್ದ ಅಗಲ ಹಾಗೆಯೇ ಬಿಟ್ಟು ಗುಣಮಟ್ಟವನ್ನಷ್ಟೇ ಇಳಿಸುತ್ತ ಹೋದರೆ ಮುಖದ ಮೇಲೆ ಚೌಕ ಚೌಕ ಕಾಣತೊಡಗುತ್ತದೆ. ಸಹಿಗೆ ಕೇಳುವುದು 140 × 60 ಪಿಕ್ಸೆಲ್, 10ರಿಂದ 20 ಕೆಬಿ. ಇಲ್ಲಿ ಫೈಲು ತೀರಾ ಚಿಕ್ಕದಾಗಿಬಿಟ್ಟರೆ ಗುಣಮಟ್ಟ ಏರಿಸಿ ಮತ್ತೆ ಸೇವ್ ಮಾಡಿ. ಕೆಲವು ಫೋನ್‌ಗಳ ಗ್ಯಾಲರಿಯಲ್ಲೇ ‘ರೀಸೈಜ್’ ಇರುತ್ತದೆ. ವಿಂಡೋಸ್ ಕಂಪ್ಯೂಟರಿನ ಪೇಂಟ್‌ನಲ್ಲೂ ಇದೆ.

ಸೈಟು ಬಳಸಲೇಬೇಕೆಂದರೆ ಒಂದು ಪರೀಕ್ಷೆ ಮಾಡಿ. ಸೈಟು ಪೂರ್ತಿ ತೆರೆದ ಮೇಲೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಂತರ ಒಂದು ಸಾಮಾನ್ಯ ಫೋಟೊ ಆರಿಸಿ. ಇಂಟರ್‌ನೆಟ್ ಇಲ್ಲದೆಯೂ ಕನ್ವರ್ಟ್ ಆದರೆ ಕೆಲಸ ನಿಮ್ಮ ಫೋನಿನೊಳಗೇ ನಡೆದಿದೆ. ಗೂಗಲ್‌ನ ಕ್ರೋಮ್ ತಂಡದವರ ಸ್ಕ್ವೂಶ್ ಇಂಥದ್ದು. ಆಗದೆ ನಿಂತರೆ ಆ ಸೈಟು ನಿಮ್ಮ ಫೋಟೊವನ್ನು ಎಲ್ಲಿಗೋ ಕಳಿಸಿಯೇ ಕೆಲಸ ಮಾಡುವಂಥದ್ದು. ಅಲ್ಲಿ ಹೂವಿನ ಫೋಟೊ ಹಾಕಿ, ಆಧಾರ್ ಬೇಡ.

ಸೈಬರ್ ಸೆಂಟರಿಗೆ ಹೋದರೆ, ಕೆಲಸ ಮುಗಿದ ಮೇಲೆ ಡೌನ್‌ಲೋಡ್ಸ್ ಮತ್ತು ರೀಸೈಕಲ್ ಬಿನ್ ಎರಡರಿಂದಲೂ ನಿಮ್ಮ ಫೈಲು ಅಳಿಸಲು ಹೇಳಿ. ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಲಾಗ್‌ಔಟ್ ಮಾಡಿಯೇ ಏಳಿ. ಕೇಳಲು ಸಂಕೋಚ ಬೇಡ, ಅಂಗಡಿಯವರಿಗೆ ಅದು ಅರ್ಧ ನಿಮಿಷದ ಕೆಲಸ.

ಹಣ ಹೋಗಿದೆ ಎಂದು ಗೊತ್ತಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಗ್ರೂಪಿಗೆ ಕಳಿಸುವುದಿದ್ದರೆ ಇಷ್ಟು ಕಳಿಸಿ

ಫೋಟೊ ಜೆಪಿಜಿ ಮಾಡುವುದು ಫೋನಿನಲ್ಲೇ ಆಗುತ್ತದೆ, ಕ್ಯಾಮೆರಾ ಸೆಟ್ಟಿಂಗ್ಸ್ ನೋಡಿ. ಫೈಲಿನ ಹೆಸರು ಬದಲಿಸಿದರೆ ಫಾರ್ಮ್ಯಾಟ್ ಬದಲಾಗದು. ಆಧಾರ್, ಸಹಿ, ಅಂಕಪಟ್ಟಿಯನ್ನು ಗುರುತಿಲ್ಲದ ಕನ್ವರ್ಟರ್ ಸೈಟಿಗೆ ಹಾಕಬೇಡಿ. ಫೋಟೊ ಬದಲು ಎಪಿಕೆ ಬಂದರೆ ತೆರೆಯದೆ ಅಳಿಸಿ.