ಕಳೆದ ಧ್ವನಿ ಮತ್ತೆ ಕೇಳೀತೇ?

ವಾಡಿ, ಚಿತ್ತಾಪುರದ ಕಡೆ ಹಾಡುವ ತತ್ವಪದಗಳನ್ನು ಇಪ್ಪತ್ತು ವರ್ಷಗಳ ಹಿಂದೆ ಯಾರೋ ಕಂಪ್ಯೂಟರಿನಲ್ಲಿ ಮುದ್ರಿಸಿಟ್ಟಿದ್ದಾರೆ ಎಂದುಕೊಳ್ಳಿ. ಹಾಡಿದವರು ಈಗಿಲ್ಲ, ಕಡತವೂ ತೆರೆಯುತ್ತಿಲ್ಲ. ಹಾಗೆಂದು ಧ್ವನಿ ಅಳಿದಿದೆ ಎನ್ನಲಾಗದು.

2000ದಲ್ಲಿ ಬಿಡುಗಡೆಯಾದ ಅಡಾಸಿಟಿ ಎಂಬ ಉಚಿತ ತಂತ್ರಾಂಶವನ್ನೇ ಗಮನಿಸೋಣ. ಅದರ ಹಳೆಯ ಆವೃತ್ತಿಗಳ ಪ್ರಾಜೆಕ್ಟ್ ಕಡತದಲ್ಲಿ ಇರುತ್ತಿದ್ದುದು ಧ್ವನಿಯಲ್ಲ. ಯಾವ ತುಣುಕು ಎಲ್ಲಿ ಬರಬೇಕೆಂಬ ಪಟ್ಟಿ. ಧ್ವನಿಯು ಜೊತೆಗಿನ ಫೋಲ್ಡರಿನಲ್ಲಿ ತುಣುಕುಗಳಾಗಿ ಇರುತ್ತಿತ್ತು. 2021ರ ಆವೃತ್ತಿಯಿಂದ ಇವೆರಡೂ ಒಂದೇ ಕಡತ ಸೇರಿದವು.

ಸೆಕೆಂಡಿಗೆ 44,100 ಮಾದರಿ, ಮಾದರಿಗೆ 4 ಬೈಟ್ ಎಂದರೆ 1 ಮೆಗಾಬೈಟಿನ ತುಣುಕಿನಲ್ಲಿ ಸುಮಾರು 6 ಸೆಕೆಂಡಿನ ಧ್ವನಿ. ಹತ್ತು ನಿಮಿಷದ ಹಾಡಿಗೆ ಒಂದು ಚಾನೆಲ್‌ನಲ್ಲಿ ಸುಮಾರು 100 ತುಣುಕುಗಳು.

ಪಟ್ಟಿ ಕೆಟ್ಟರೂ ಪ್ರತಿ ತುಣುಕು ಡಿಸ್ಕಿಗೆ ಬರೆಯಲ್ಪಟ್ಟ ವೇಳೆ ದಾಖಲಾಗಿರುತ್ತದೆ. ಆ ಕ್ರಮದಲ್ಲಿ ಜೋಡಿಸಿದರೆ ಹಾಡು ಮರಳುತ್ತದೆ. ಸ್ಟೀರಿಯೊ ಆದರೆ ಎಡ, ಬಲ ಚಾನೆಲ್‌ಗಳ ತುಣುಕುಗಳನ್ನು ಬೇರ್ಪಡಿಸಿಕೊಳ್ಳಬೇಕು. ಮುದ್ರಣದ ನಂತರ ಸಂಕಲನ ಮಾಡಿದ್ದರೆ ವೇಳೆಯ ಕ್ರಮ ಸಾಲದು. ಕಿವಿಗೊಟ್ಟು ಕೇಳಿ ಜೋಡಿಸಬೇಕಾಗುತ್ತದೆ.

ಆದ್ದರಿಂದ ದುರಸ್ತಿಗೆ ಮುನ್ನ ಇಡೀ ಫೋಲ್ಡರನ್ನು, ದಾಖಲಾದ ವೇಳೆ ಬದಲಾಗದಂತೆ, ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಪಟ್ಟಿಯನ್ನು ಮತ್ತೆ ಕಟ್ಟಬಹುದು. ಅಳಿದುಹೋದ ತುಣುಕಿನ ಆರು ಸೆಕೆಂಡು ಮಾತ್ರ ಪಟ್ಟಿಯಿಂದ ಹುಟ್ಟದು.