ಹಸಿರುಮನೆಯ ಟೊಮ್ಯಾಟೊ ಬೆಳೆಯೂ ಅಂಗಾರಾಮ್ಲವಾಯುವೂ

ಸಸ್ಯವು ಮಣ್ಣನ್ನುಂಡು ಬೆಳೆಯುವುದೆಂಬ ನಂಬಿಕೆ ಬಹುಕಾಲದಿಂದ ರೂಢವಾಗಿದೆ. ಆದರೆ ಒಣಗಿಸಿದ ಗಿಡದ ತೂಕದಲ್ಲಿ ನೂರಕ್ಕೆ ಸುಮಾರು 40 ಪಾಲು ಇಂಗಾಲವೇ ಆಗಿರುವುದು. ಅದು ದೊರೆಯುವುದು ಗಾಳಿಯಿಂದ. ಜಿನೀವಾದ ಸೊಸ್ಯೂರನು 1804ರ ತನ್ನ ಗ್ರಂಥದಲ್ಲಿ ಇದನ್ನು ಅಳತೆಗಳಿಂದ ಸಮರ್ಥಿಸಿದನು. ‘ಇಂಗಾಲ’ವು ‘ಅಂಗಾರ’ದ ತದ್ಭವ. ಇಂದಿನ ಪಠ್ಯಗಳು ಇಂಗಾಲದ ಡೈಆಕ್ಸೈಡ್ ಎನ್ನುವ ಅನಿಲವನ್ನು ಹಿಂದಿನವರು ಅಂಗಾರಾಮ್ಲವಾಯುವೆಂದು ಕರೆದರು.

ಈ ವಾಯುವು ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 420 ಭಾಗಗಳಿಗಿಂತ ತುಸು ಹೆಚ್ಚಾಗಿದೆ. ಟೊಮ್ಯಾಟೊ ಎಲೆಯಲ್ಲಿ ಇದನ್ನು ಹಿಡಿಯುವ ಕಿಣ್ವವು ಆಮ್ಲಜನಕವನ್ನೂ ಹಿಡಿಯುವುದರಿಂದ ಗಿಡದ ಶ್ರಮದಲ್ಲಿ ಒಂದಂಶ ವ್ಯರ್ಥವಾಗುವುದು. ಮುಚ್ಚಿದ ಹಸಿರುಮನೆಯಲ್ಲಿ ವಾಯುವಿನ ಪ್ರಮಾಣವನ್ನು 800ರಿಂದ 1000 ಭಾಗಗಳಿಗೆ ಏರಿಸಿದರೆ ಆ ನಷ್ಟವು ತಗ್ಗಿ, ಬೆಳಕು, ನೀರು, ಗೊಬ್ಬರಗಳು ಸಾಕಷ್ಟಿದ್ದಲ್ಲಿ, ಇಳುವರಿ ನೂರಕ್ಕೆ 20ರಷ್ಟೋ ಅದಕ್ಕೂ ಮಿಗಿಲಾಗಿಯೋ ಹೆಚ್ಚುವುದುಂಟು. ನೆದರ್ಲೆಂಡ್ಸಿನಲ್ಲಿ 2005ರಿಂದ ರಾಟರ್‌ಡ್ಯಾಮಿನ ಕೈಗಾರಿಕೆಗಳ ಅನಿಲವನ್ನೇ ಕೊಳವೆಗಳ ಮೂಲಕ ಗಾಜಿನಮನೆಗಳಿಗೆ ಹಾಯಿಸುತ್ತಿದ್ದಾರೆ.

ಈ ವಿಧಾನವನ್ನು ದಾವಣಗೆರೆ ಜಿಲ್ಲೆಗೆ ತರಬಹುದೇ? ಸೂಳೆಕೆರೆಯ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ, ಮಳೆ ಕಡಮೆಯಾದ ಜಗಳೂರು, ಇವುಗಳಲ್ಲಿ ನೀರಿನ ಅನುಕೂಲವು ಬೇರೆಬೇರೆಯಾದರೂ ಬಿಸಿಲು ಎಲ್ಲೆಡೆಯೂ ಪ್ರಖರವೇ. ಅಲ್ಲಿ ನೆರಳುಪರದೆಯ ಮನೆಯನ್ನಾಗಲಿ ಪ್ಲಾಸ್ಟಿಕ್ ಹೊದಿಕೆಯ ಮನೆಯನ್ನಾಗಲಿ ಹಗಲಿನಲ್ಲಿ ಮುಚ್ಚಿಡಲಾಗದು. ಕಾವು 35 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪರಾಗವು ಕೆಟ್ಟು ಹೂ ಕಾಯಿಗಟ್ಟದೆ ಉದುರುವುದು. ಕಿಂಡಿ ತೆರೆದರೆ ಬಿಸಿಗಾಳಿಯೊಡನೆ ಕೊಂಡುತಂದ ಅನಿಲವೂ ಹೊರಟುಹೋಗುವುದು. ಸಾಲ ಮಾಡಿ ಮನೆ ಕಟ್ಟಿದ ರೈತನಿಗೆ ಇದು ತೂತುಗೊಡಕ್ಕೆ ನೀರೆರೆದಂತೆ.

ಹಾಗಾದರೆ ಈ ತತ್ತ್ವದಿಂದ ನಮಗೆ ಪ್ರಯೋಜನವಿಲ್ಲವೇ? ಇದೆ. ರಾತ್ರಿ ಗಿಡಗಳ ಉಸಿರಿನಿಂದಲೂ ಮಣ್ಣಿನ ಗೊಬ್ಬರ ಕೊಳೆಯುವುದರಿಂದಲೂ ಮುಚ್ಚಿದ ಮನೆಯಲ್ಲಿ ಈ ವಾಯು ಶೇಖರವಾಗುವುದು. ಸೂರ್ಯೋದಯದ ಬಳಿಕ ಎಲೆಗಳು ಅದನ್ನು ಬೇಗನೆ ತೀರಿಸುವುವು. ಅನಂತರವೂ ಮನೆ ಮುಚ್ಚಿದ್ದರೆ ಪ್ರಮಾಣವು ಹೊರಗಿನದಕ್ಕಿಂತ ಬಹಳ ಕೆಳಗಿಳಿದು ಗಿಡವು ಬೆಳಕಿನಲ್ಲಿಯೇ ಹಸಿಯುವುದು. ಆದುದರಿಂದ ಹೊತ್ತೇರುವ ಮೊದಲೇ ಕಿಂಡಿಗಳನ್ನು ತೆರೆಯುವುದು, ಸಾಲುಗಳ ನಡುವೆ ಗಾಳಿಯಾಡುವಂತೆ ಕೆಳಗಿನ ಹಳೆಯ ಎಲೆಗಳನ್ನು ತೆಗೆಯುವುದು, ಕಳಿತ ಗೊಬ್ಬರವನ್ನು ಹಾಕುವುದು, ಇವೇ ಇಲ್ಲಿಗೆ ತಕ್ಕ ಕ್ರಮಗಳು.

ಅನಿಲಕ್ಕಾಗಿ ಮನೆಯೊಳಗೆ ಇದ್ದಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಉರಿಸುವುದು ಸರ್ವಥಾ ಕೂಡದು. ಅರೆಯುರಿಯಿಂದ ಹುಟ್ಟುವ ಎಥಿಲೀನ್ ಹೂಗಳನ್ನು ಉದುರಿಸುವುದು. ಕಾರ್ಬನ್ ಮಾನಾಕ್ಸೈಡ್ ಕೆಲಸಗಾರನ ಪ್ರಾಣವನ್ನೇ ತೆಗೆಯಬಲ್ಲುದು. ಶೀತದೇಶದ ಯಂತ್ರವು ನಮಗೆ ಒಗ್ಗದಿದ್ದರೂ ಅದರ ಹಿಂದಿನ ತತ್ತ್ವವು ಎಲ್ಲೆಡೆಗೂ ಒಂದೇ: ಗಿಡಕ್ಕೆ ನೀರು, ಗೊಬ್ಬರಗಳಂತೆಯೇ ಗಾಳಿಯೂ ಆಹಾರ.